ಗುಮ್ಮನ ಮೂಗು

ಒಂಬತ್ತು ಗಂಟೆಗೆ ಬಾಯಿಗಿಟ್ಟ ತುತ್ತು ಹತ್ತು ಗಂಟೆಯಾದರೂ ಮಾಯಾಳ ಎಡಗಲ್ಲದಲ್ಲೇ ಇತ್ತು. ನಾಲ್ಕು ವರ್ಷದ ಹುಡುಗಿ ಅದನ್ನು ಅಗಿಯಲೂ ಇಲ್ಲ, ನುಂಗಲೂ ಇಲ್ಲ, ಉಗುಳಲೂ ಇಲ್ಲ. ಅದಕ್ಕೆ ಗಲ್ಲದಲ್ಲೊಂದು ಜಾಗ ಮಾಡಿಕೊಟ್ಟು ತನ್ನ ಪಾಡಿಗೆ ತಾನು ಆಡುತ್ತಿದ್ದಳು. ಅವಳ ಹಿಂದೆ ತಟ್ಟೆ ಹಿಡಿದು ಗಜಾನನ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಕಟ್ಟೆಗೆ, ಕಟ್ಟೆಯಿಂದ ಮತ್ತೆ ಅಡುಗೆಮನೆಗೆ ಮೂರು ಸುತ್ತು ಬಂದಿದ್ದ. ಹಾಲಿನಲ್ಲಿ ನೆನೆಸಿದ ರೊಟ್ಟಿ ಅಷ್ಟೊತ್ತಿಗೆ ಅವನು ಗೊಂಬೆಗೆ ಮೆತ್ತುವ ಹಿಟ್ಟಿನ ಹದಕ್ಕೆ ಬಂದಿತ್ತು.

ಗಜಾನನ ಗೋಕಾಕದ ಹಳೇ ಓಣಿಯೊಂದರಲ್ಲಿ ಗೊಂಬೆ ಮಾಡುವವನು. ಹಗುರ ಕಟ್ಟಿಗೆ ಕಡೆದು, ಹುಣಸೆ ಬೀಜದ ಅಂಟಿನಲ್ಲಿ ಮರದ ಹೊಟ್ಟು ಕಲಸಿ ಮೆತ್ತಿ, ಒಣಗಿಸಿ ಬಣ್ಣ ಬಳಿದನೆಂದರೆ ಅವನ ಬಾಳೆಹಣ್ಣು ನಿಜವಾದ ಬಾಳೆಹಣ್ಣಿಗಿಂತ ಚೆನ್ನಾಗಿ ಕಾಣುತ್ತಿತ್ತು. ಮನೆಗೆ ಬಂದ ಬೀಗರೊಬ್ಬರು ಒಮ್ಮೆ ಕಚ್ಚಿಯೂ ನೋಡಿದ್ದರು. ಮಾವು, ಬದನೆ, ಗಣಪತಿ, ಲಕ್ಷ್ಮಿ, ಹುಲಿ, ಪೊಲೀಸ, ಏನು ಕೇಳಿದರೂ ಮಾಡಿಕೊಡುತ್ತಿದ್ದ. ಮಗಳಿಗೆ ಒಂದು ರೊಟ್ಟಿ ಉಣಿಸುವುದು ಮಾತ್ರ ಅವನ ಕೈಯಲ್ಲಿ ಆಗುತ್ತಿರಲಿಲ್ಲ.

ಆ ಕೆಲಸ ಹೆಂಡತಿ ಶೋಭಾಳದು. ಅವಳು ಅಂಗನವಾಡಿ ಟೀಚರು. ಮೂರು ದಿನದ ತರಬೇತಿಗೆಂದು ಹುಕ್ಕೇರಿಗೆ ಹೋಗಿ ಇಂದಿಗೆ ಎರಡನೇ ದಿನ. ತರಬೇತಿ ಯಾವುದರ ಬಗ್ಗೆ ಎಂದರೆ, ಸಣ್ಣ ಮಕ್ಕಳಿಗೆ ಊಟ ಮಾಡಿಸುವುದರ ಬಗ್ಗೆ. ಅವಳು ಬಸ್ಸು ಹತ್ತಿದ ಗಳಿಗೆಯಿಂದ ಮಾಯಾ ಬಿಸ್ಕೀಟು ಬಿಟ್ಟು ಬೇರೇನನ್ನೂ ಹೊಟ್ಟೆಗಿಳಿಸಿರಲಿಲ್ಲ.

ಇಷ್ಟೇ ಆಗಿದ್ದರೆ ಗಜಾನನ ಹೇಗೋ ಒಂದು ದಿನ ದೂಡುತ್ತಿದ್ದ. ಆದರೆ ಬೆಳಿಗ್ಗೆ ಎಂಟಕ್ಕೆ ಯಮಕನಮರಡಿಯಿಂದ ಅತ್ತೆ, ಅಂದರೆ ಮಾಯಾಳ ಆಯಿ, ಕಾಶೆವ್ವನ ವೀಡಿಯೊ ಕಾಲ್ ಬಂದಿತ್ತು. ಅವರು ಮೊಮ್ಮಗಳನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಲು ಹೇಳಿ, ಕೂಸಿನ ಕೊರಳ ಎಲುಬು ಎಣಿಸಲು ಬರುತ್ತಿದೆ ಎಂದು ತೀರ್ಪು ಕೊಟ್ಟಿದ್ದರು. ಆಮೇಲೆ ಮೆತ್ತಗಿನ ದನಿಯಲ್ಲಿ ಹೇಳಿದ್ದರು:

"ಅಳ್ಯಾರ, ಸಂಜಿ ಆರಕ್ಕ ಮತ್ತ ಹಚ್ಚತೇನಿ. ಕೂಸು ನನ್ನ ಕಣ್ಣಮುಂದ ಒಂದು ರೊಟ್ಟಿ ಪೂರಾ ಉಣಬೇಕ್ರಿ. ಉಣಲಿಲ್ಲಂದ್ರ ಆರೂವರಿ ಬಸ್ಸಿಗೆ ನಾನ ಬರ್ತೇನಿ. ಚೀಲಾ ಕಟ್ಟೇ ಇಟ್ಟೇನಿ."

ಕಾಶೆವ್ವ ಕೆಟ್ಟವರಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಒಂದು ಜಗಳವಾದರೂ ಆಡಬಹುದಿತ್ತು. ಮದುವೆಯಾಗಿ ಏಳು ವರ್ಷವಾದರೂ ಅಳಿಯನನ್ನು ಅವರು ಒಮ್ಮೆಯೂ ಏಕವಚನದಲ್ಲಿ ಕರೆದಿರಲಿಲ್ಲ. ಹೋದ ವರ್ಷ ಪಂಚಮಿಗೆಂದು ಎಂಟು ದಿನ ಇರಲು ಬಂದವರು ದೀಪಾವಳಿ ಮುಗಿಸಿಕೊಂಡು ಹೋಗಿದ್ದರು. ಆ ಮೂರು ತಿಂಗಳು ಗಜಾನನ ಬೆಳಗಿನ ಐದಕ್ಕೆ ಎದ್ದಿದ್ದ. ಅವನ ದಿನದ ಐದು ಚಹಾ ಎರಡಕ್ಕೆ ಇಳಿದಿದ್ದವು. ಮಧ್ಯಾಹ್ನದ ನಿದ್ದೆ ನಿಂತೇ ಹೋಗಿತ್ತು. ಕುಂಚಗಳನ್ನು ಸ್ವಚ್ಛ ಮಾಡಲೆಂದು ಅವರು ಕುದಿಯುವ ನೀರಿಗೆ ಹಾಕಿ ಬೋಳು ಕಡ್ಡಿಗಳನ್ನು ಹೊರತೆಗೆದಿದ್ದರು. ಎರಡು ವರ್ಷ ನೆರಳಿನಲ್ಲಿ ಒಣಗಿಸಿಟ್ಟ ಗೊಂಬೆಯ ಕಟ್ಟಿಗೆ ಹನ್ನೊಂದೇ ದಿನದಲ್ಲಿ ಬಚ್ಚಲ ಒಲೆಗೆ ಹೋಗಿ ಎಲ್ಲರಿಗೂ ಬಿಸಿನೀರಾಗಿತ್ತು.

ಇದನ್ನೆಲ್ಲ ಅವನು ಮರೆತಾನು. ಮರೆಯಲಾಗದ್ದು ಇನ್ನೊಂದು. ಅವನು ಗೊಂಬೆಗೆ ಬಣ್ಣ ಹಚ್ಚಲು ಕುಳಿತರೆ ಕಾಶೆವ್ವ ಎದುರಿಗೆ ಬಂದು ಕುಳಿತುಕೊಳ್ಳುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಎಲ್ಲ ಮುಗಿದು, ಕೊನೆಗೆ ಕಣ್ಣು ಬಿಡಿಸಿ, ಅವನು ಕುಂಚ ಕೆಳಗಿಟ್ಟ ಮೇಲೆ ಹೇಳುತ್ತಿದ್ದರು, "ಒಂದು ಕಣ್ಣು ಸಣ್ಣದಾತು ನೋಡ್ರಿ." ನೋಡಿದರೆ ಆಗಿರುತ್ತಿತ್ತು. ಅವರು ಊರಿಗೆ ಹೋಗಿ ಆರು ತಿಂಗಳಾದರೂ ಕಣ್ಣು ಬಿಡಿಸುವಾಗ ಗಜಾನನ ಒಮ್ಮೆ ಹಿಂದಕ್ಕೆ ತಿರುಗಿ ನೋಡಿಯೇ ಕುಂಚ ಅದ್ದುತ್ತಿದ್ದ.

ಹಾಗಾಗಿ ಸಂಜೆ ಆರರೊಳಗೆ ಮಾಯಾ ಬಾಯಿ ತೆರೆಯಲೇಬೇಕಿತ್ತು. ಮುದ್ದು ಮಾಡಿದ, ಕತೆ ಹೇಳಿದ, ಕಾಗೆ ತೋರಿಸಿದ. ಯಾವುದೂ ನಡೆಯದಿದ್ದಾಗ, ತಲೆಮಾರುಗಳಿಂದ ನಡೆದುಬಂದ ಉಪಾಯಕ್ಕೆ ಕೈಹಾಕಿದ. ಉಣದಿದ್ದರೆ ಗುಮ್ಮ ಬರುತ್ತದೆ ಎಂದ.

ಮಾಯಾ ಮಾತಾಡಲು ಅನುಕೂಲವಾಗಲೆಂದು ತುತ್ತನ್ನು ಎಡಗಲ್ಲದಿಂದ ಬಲಗಲ್ಲಕ್ಕೆ ಸಾಗಿಸಿದಳು.

"ಗುಮ್ಮ ಇಲ್ಲಪ್ಪಾ."

"ಯಾಕಿಲ್ಲ?"

"ಇದ್ದಿದ್ರ ನೀ ಮಾಡಿರತಿದ್ದಿ."

ಗಜಾನನ ತಟ್ಟೆ ಹಿಡಿದುಕೊಂಡೇ ನಿಂತ. ಹುಡುಗಿ ಹುಟ್ಟಿದಾಗಿನಿಂದ ಲೋಕದ ಪ್ರತಿಯೊಂದು ವಸ್ತುವನ್ನೂ ಮೊದಲು ನೋಡಿದ್ದು ಅಪ್ಪನ ಹಲಗೆಯ ಮೇಲೆ. ಹುಲಿ ಇದೆ, ಏಕೆಂದರೆ ಅಪ್ಪ ಮಾಡಿದ್ದಾನೆ. ಗಣಪತಿಯೂ ಇದ್ದಾನೆ, ಅವನು ಎರಡು ಅಳತೆಯಲ್ಲಿದ್ದಾನೆ. ಗುಮ್ಮ ಹಲಗೆಯ ಮೇಲೆ ಬಂದಿಲ್ಲ, ಆದ್ದರಿಂದ ಇಲ್ಲ. ತಂದೆಯಾಗಿ ಅವನಿಗೆ ಸಿಟ್ಟು ಬಂತು. ಕಸುಬಿನವನಾಗಿ ಸ್ವಲ್ಪ ನಾಚಿಕೆಯೂ ಆಯಿತು. ಒಂದು ಗುಮ್ಮನನ್ನು ಮಾಡಿಯೇ ಬಿಡುವುದೆಂದು ತೀರ್ಮಾನಿಸಿದ.

ಒಂದೇ ದಿನದಲ್ಲಿ ಹೊಸದಾಗಿ ಕಡೆದು ಒಣಗಿಸುವುದು ಆಗದ ಮಾತು. ಮೂಲೆಯಲ್ಲಿ ಎರಡಡಿ ಎತ್ತರದ ಕುಳಿತ ಗೌರಿಯೊಂದಿತ್ತು. ಧುಪದಾಳದವರೊಬ್ಬರು ಮಾಡಿಸಿದ್ದು. ಒಣ ಕಟ್ಟಿಗೆ ಎಲ್ಲ ಬಚ್ಚಲಿಗೆ ಹೋಗಿದ್ದರಿಂದ ಹಸಿಯದರಲ್ಲೇ ಕಡೆದಿದ್ದ. ಕಿವಿಯ ಹಿಂದೆ ಬಿರುಕು ಬಿಟ್ಟು, ಅವರು ಬೇಡವೆಂದು ಬಿಟ್ಟುಹೋಗಿದ್ದರು. ಅದನ್ನೇ ಎಳೆದು ಮುಂದಿಟ್ಟುಕೊಂಡು ಅಂಟು ಕಲಸಿದ. ಕಲಸಿ ಸುಮ್ಮನೆ ಕುಳಿತ.

ಗುಮ್ಮ ಹೇಗಿರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಸಣ್ಣವನಿದ್ದಾಗ ಅವನ ಅವ್ವ ಜೋಳದ ಕಣಜದ ಹಿಂದಿನ ಕತ್ತಲಿಗೆ ಬೆರಳು ತೋರಿಸಿ ಗುಮ್ಮ ಎನ್ನುತ್ತಿದ್ದಳು. ಅವನು ಹೆದರಿ ಉಣ್ಣುತ್ತಿದ್ದ. ಮುಖ ಹೇಗಿದೆ ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ, ಈಗ ಕೇಳಲು ಅವ್ವ ಇರಲಿಲ್ಲ. ದೇವರಿಗಾದರೆ ಮುಖ ಇಷ್ಟು, ಕೊರಳು ಇಷ್ಟು ಎಂದು ಅಳತೆ ಉಂಟು. ಗುಮ್ಮನ ಅಳತೆಯನ್ನು ಯಾರೂ ಬರೆದಿಟ್ಟಿಲ್ಲ.

ಓಣಿಯಲ್ಲಿ ಒಬ್ಬ ಮನುಷ್ಯ ಕೆಲಸ ಬಿಟ್ಟು ಕುಳಿತರೆ ಹತ್ತು ನಿಮಿಷಕ್ಕಿಂತ ಹೆಚ್ಚು ಒಬ್ಬನೇ ಇರಲು ಜನ ಬಿಡುವುದಿಲ್ಲ. ಮೊದಲು ಬಂದವಳು ಬಾಜೂಮನೆಯ ಸುಮನ್. ಅವಳು ಹೊಲಿಗೆಯವಳು. ಓಡಿಹೋದ ತನ್ನ ಆಡನ್ನು ಹುಡುಕಿಕೊಂಡು ಬಂದವಳು ವಿಷಯ ತಿಳಿದು ಆಡನ್ನು ಮರೆತಳು. ಗುಮ್ಮನ ಹೆಗಲಿಗೆ ಒಂದು ಚೀಲ ಬೇಕೇ ಬೇಕು ಎಂದು ಮನೆಗೆ ಹೋಗಿ ಗೋಣಿತಾಟಿನ ತುಂಡು ತಂದು ಹೊಲಿದೂ ಕೊಟ್ಟಳು. ಮುಖ ಹೇಗಿರಬೇಕು ಎಂದು ಗಜಾನನ ಕೇಳಿದ. ಸುಮನ್ ದನಿ ತಗ್ಗಿಸಿದಳು.

"ಅದು ಬಾಗಲಾ ಬಡಿಯೂದಿಲ್ರಿ ಅಣ್ಣಾರ. ಹೆಸರು ಹಿಡಿದು ಕರಿಯೂದೂ ಇಲ್ಲ. ಟೊಂಕದ ಮ್ಯಾಲ ಕೈ ಇಟ್ಕೊಂಡು ಬಾಗಲಾಗ ನಿಂತು ಬರೇ ಮಿಷನ್ ನೋಡತೈತ್ರಿ."

ಅವಳ ಮನೆಯಲ್ಲಿ ಹೊಲಿಯದೇ ಬಿದ್ದ ಹದಿನೆಂಟು ಜಂಪರುಗಳಿದ್ದವು. ಅದು ಗಜಾನನನಿಗೆ ಗೊತ್ತಿದ್ದರಿಂದ ಅವನು ಹೆಚ್ಚು ಕೇಳಲಿಲ್ಲ.

ಅಷ್ಟರಲ್ಲಿ ಎದುರುಮನೆಯ ರಾಚಪ್ಪ ಕಾಕಾ ಬಂದ. ಮೂಡಲಗಿ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರನಾಗಿದ್ದು ನಿವೃತ್ತನಾದವನು. ಚೀಲ ಹೊತ್ತ ಗುಮ್ಮನ ಕಾಲ ಮುಗಿಯಿತು, ಖಾಕಿ ಇಲ್ಲದೆ ಈಗ ಯಾರೂ ಹೆದರುವುದಿಲ್ಲ ಎಂದು ಅವನ ವಾದ. ತನ್ನ ಹಳೆಯ ಅಂಗಿಯಿಂದ ಒಂದು ಪಟ್ಟಿ ಹರಿದು ತಂದು ಗೌರಿಯ ಹೆಗಲಿಗೆ ಸುತ್ತಿದ. ದಪ್ಪ ಮೀಸೆಯನ್ನೂ ಮೆತ್ತಿಸಿದ.

"ಅದು ತಿರುವಿನ್ಯಾಗ ಗಿಡದ ಕೆಳಗ ಜೀಪ್ ಹಚ್ಚಿ ನಿಂತಿರತೈತಿ ಗಜು. ಕೈ ಮಾಡಿದ ಕೂಡ್ಲೇ ಬಸ್ ನಿಲ್ಲಬೇಕು. ಹತ್ತಿದ್ದ ಮೊದಲಿಗೆ ನಗತೈತಿ. ನಕ್ಕ ಮ್ಯಾಲ ಕೇಳತೈತಿ, ಎಷ್ಟು ಮಂದಿ ಅದಾರು ಅಂತ."

ಟಿಕೆಟ್ ತಪಾಸಣೆಯವರನ್ನು ಕೊನೆಯ ಸಲ ಕಂಡು ಆರು ವರ್ಷವಾಗಿತ್ತು. ಆದರೂ ಹೇಳುವಾಗ ಕಾಕಾನ ಎಡಗೈ ಬಗಲಲ್ಲಿ ಇಲ್ಲದ ಚೀಲವನ್ನು ತಡಕಾಡಿತು.

ಮೂರನೆಯವನು ಓಣಿಯ ಬಾಯಲ್ಲಿ ಚಹಾ ಅಂಗಡಿ ಇಟ್ಟಿದ್ದ ಬಾಳೇಶ. ಮೂರು ಚಹಾ ಹಿಡಿದುಕೊಂಡು ಬಂದವನು, ಗುಮ್ಮನ ಕೈಯಲ್ಲಿ ಇಕ್ಕಳ ಇಲ್ಲದಿದ್ದರೆ ಅದೇನು ಗುಮ್ಮ ಎಂದು ತನ್ನ ಅಂಗಡಿಯ ಇಕ್ಕಳವನ್ನೇ ತಂದು ಗೌರಿಯ ಬೆರಳಿಗೆ ಸಿಕ್ಕಿಸಿದ. ಹೋದ ವಾರ ಅವನು ಹಲ್ಲು ಕೀಳಿಸಿಕೊಂಡು ಬಂದಿದ್ದ. ಗಲ್ಲ ಇನ್ನೂ ಬಾತಿತ್ತು.

ಬೇಡ ಅನ್ನುವುದು ಗಜಾನನನಿಗೆ ಹುಟ್ಟಿನಿಂದಲೂ ಬಾರದ ವಿದ್ಯೆ. ಒಂದು ಗಂಟೆಯ ಹೊತ್ತಿಗೆ ಗೌರಿ ಮೀಸೆ ಹೊತ್ತು, ಖಾಕಿ ಸುತ್ತಿಕೊಂಡು, ಚೀಲ ಇಳಿಬಿಟ್ಟು, ಇಕ್ಕಳ ಹಿಡಿದು ಕುಳಿತಿದ್ದಳು. ನೋಡಿದರೆ ಹೆದರಿಕೆ ಬರುವ ಬದಲು, ಪಾಪ ಇದಕ್ಕೆ ಎಷ್ಟು ಕೆಲಸ ಎನ್ನಿಸುತ್ತಿತ್ತು. ಮಾಯಾ ದೂರದಿಂದ ನೋಡಿ, ಇದು ಬಸ್ ರಿಪೇರಿಯವನೇ ಎಂದು ಕೇಳಿ ಒಳಗೆ ಹೋಗಿ ಮಲಗಿದಳು. ಬೆಳಗಿನ ತುತ್ತು ಯಾವಾಗ ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ.

ಆಗಲೇ ಹುಕ್ಕೇರಿಯಿಂದ ಶೋಭಾಳ ಫೋನು ಬಂತು. ಅವಳು ಪಿಸುಗುಟ್ಟುತ್ತಿದ್ದಳು. ಮಗಳು ಉಂಡಳೇ ಎಂದು ಕೇಳಿದಳು. ಉಣ್ಣುತ್ತಾಳೆ ಎಂದು ಗಜಾನನ ಭವಿಷ್ಯತ್ತಿಗೆ ಜಾರಿಕೊಂಡ.

"ಮತ್ತ ಗುಮ್ಮ ಗಿಮ್ಮ ಅಂತ ಹೆದರಸಬ್ಯಾಡ್ರಿ. ಮಕ್ಕಳನ್ನ ಹೆದರ್ಸಿ ಉಣಸಬಾರದಂತ ಇವತ್ತ ಪೂರಾ ಅದನ್ನ ಹೇಳ್ಯಾರ. ಇಡ್ತೇನ್ರಿ, ಸೂಪರ್‌ವೈಜರ್ ಮೇಡಂ ಈ ಕಡೆ ಬರಾಕತ್ತಾರ, ಫೋನ್ ನೋಡಿದ್ರ ಮುಗೀತು."

ಫೋನು ಕಟ್ಟಾಯಿತು. ಗಜಾನನ ಗುಮ್ಮನನ್ನು ಎತ್ತಿಕೊಂಡು ಹೋಗಿ ಹಿತ್ತಲ ಬಿಸಿಲಿನಲ್ಲಿ ಒಣಗಲು ಇಟ್ಟ. ಅಂಟು ಗಟ್ಟಿಯಾಗುವವರೆಗೆ ಕಾಯಲೆಂದು ಗೋಡೆಗೆ ಒರಗಿ ಕುಳಿತ. ಬೆಳಿಗ್ಗೆಯಿಂದ ತಾನೂ ಏನೂ ಉಂಡಿಲ್ಲ ಎಂಬುದು ನೆನಪಾಯಿತು, ಎದ್ದು ಹೋಗಿ ರೊಟ್ಟಿ ತರಬೇಕೆಂದುಕೊಂಡ, ಅಂದುಕೊಂಡಿದ್ದರಲ್ಲೇ ಕಣ್ಣು ಮುಚ್ಚಿತು.

ಕಣ್ಣು ತೆರೆದಾಗ ಸುಮನ್‌ಳ ಆಡು ಸಿಕ್ಕಿತ್ತು. ಹುಣಸೆ ಬೀಜದ ಅಂಟು ಅದಕ್ಕೆ ಬಲು ರುಚಿಸಿತ್ತು. ಮೀಸೆಯನ್ನು ಪೂರ್ತಿ ತಿಂದು, ಅದರ ಜೊತೆಗೆ ಮೂಗಿನ ತುದಿಯನ್ನೂ ಗಲ್ಲವನ್ನೂ ನೆಕ್ಕಿ ತೆಗೆದು, ಈಗ ಖಾಕಿ ಪಟ್ಟಿಯನ್ನು ಎಳೆಯುತ್ತಿತ್ತು. ಗಜಾನನ ಕೂಗಿದ್ದಕ್ಕೆ ಪಟ್ಟಿಯನ್ನೂ ಕಚ್ಚಿಕೊಂಡೇ ಗೋಡೆ ಹಾರಿತು. ಆಗಲೇ ಬಾಳೇಶ ಬಂದು, ಅಂಗಡಿಯಲ್ಲಿ ಬಿಸಿ ಪಾತ್ರೆ ಇಳಿಸಲು ಬೇಕೆಂದು ಇಕ್ಕಳ ಕಿತ್ತುಕೊಂಡು ಹೋದ. ಸುಮನ್‌ಳ ಮನೆಯ ಬಾಗಿಲಲ್ಲಿ ಯಾರೋ ಹೆಂಗಸು ಟೊಂಕದ ಮೇಲೆ ಕೈಯಿಟ್ಟು ನಿಂತಿದ್ದಳು. ಸುಮನ್ ಒಳಗಿದ್ದೂ ಇಲ್ಲದವಳಂತೆ ಉಸಿರು ಬಿಗಿಹಿಡಿದಿದ್ದಳು. ರಾಚಪ್ಪ ಕಾಕಾ ನಿದ್ದೆ ಹೋಗಿದ್ದ. ಗಂಟೆ ಮೂರಾಗಿತ್ತು. ಗುಮ್ಮನಿಗೆ ಉಳಿದಿದ್ದು ಒಂದು ಚೀಲ, ಅರ್ಧ ಮೂಗು.

ಗಜಾನನನಿಗೆ ಅಳು ಬರುವಷ್ಟು ಸುಸ್ತಾಗಿತ್ತು. ಇನ್ನು ಯಾರನ್ನೂ ಕೇಳುವ ಶಕ್ತಿ ಇರಲಿಲ್ಲ. ಗಲ್ಲ ಮೆತ್ತಿದ. ಮೂಗನ್ನು ಕೈಗೆ ಬಂದಂತೆ ಅವಸರದಲ್ಲಿ ತಿದ್ದಿದ. ಬಣ್ಣ ಕಲಸಿಕೊಂಡು ಕುಳಿತ. ಯಾರನ್ನೂ ನೆನೆಯಲಿಲ್ಲ, ಏನನ್ನೂ ಯೋಚಿಸಲಿಲ್ಲ. ಇಪ್ಪತ್ತು ವರ್ಷ ಕುಂಚ ಹಿಡಿದ ಕೈ ತಾನಾಗಿ ಹೋಗುತ್ತಿತ್ತು, ಅವನು ಹಿಂದೆ ಹಿಂದೆ ಹೋದ. ಹುಬ್ಬು ಒತ್ತಾಗಿ ಬಂದವು. ತುಟಿ ಒಂದು ಬದಿಗೆ ಸ್ವಲ್ಪ ಬಿಗಿಯಿತು. ಹಣೆಯಲ್ಲಿ ದೊಡ್ಡ ಕುಂಕುಮ ಕುಳಿತಿತು. ಮೇಲ್ದುಟಿಯ ಬಲಕ್ಕೆ ಒಂದು ಮಚ್ಚೆ ಇಟ್ಟ. ಗುಮ್ಮನಿಗೆ ಮಚ್ಚೆ ಏಕೆ ಎಂದು ಅವನಿಗೆ ಗೊತ್ತಿರಲಿಲ್ಲ. ಅಲ್ಲಿ ಬೇಕೆನ್ನಿಸಿತು, ಇಟ್ಟ.

ಕೊನೆಗೆ ಕಣ್ಣು ಬಿಡಿಸಿದ. ಒಂದೇ ಉಸಿರಿನಲ್ಲಿ ಎರಡೂ ಮುಗಿದವು. ಎರಡೂ ಸಮನಾಗಿದ್ದವು. ಕುಂಚ ಕೆಳಗಿಟ್ಟು ನೋಡಿದ. ಆ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಗಜಾನನ ಚಾಚಿದ್ದ ಕಾಲು ಮಡಚಿಕೊಂಡ. ಪಕ್ಕದಲ್ಲಿದ್ದ ಚಹಾದ ಲೋಟವನ್ನು ಬೆನ್ನ ಹಿಂದೆ ಸರಿಸಿದ. ಏಕೆ ಹಾಗೆ ಮಾಡಿದೆ ಎಂದು ಅವನಿಗೇ ತಿಳಿಯಲಿಲ್ಲ. ಗುಮ್ಮ ಚೆನ್ನಾಗಿ ಬಂದಿದೆ ಎಂದಷ್ಟೇ ತಿಳಿಯಿತು.

ಆರಕ್ಕೆ ಐದು ನಿಮಿಷವಿದ್ದಾಗ ಪಡಸಾಲೆಯಲ್ಲಿ ಎಲ್ಲ ಸಿದ್ಧವಾಯಿತು. ಮಾಯಾಳನ್ನು ಮಣೆಯ ಮೇಲೆ ಕೂರಿಸಿದ. ಎದುರಿಗೆ ಹಿಟ್ಟಿನ ಡಬ್ಬಿಗೆ ಫೋನನ್ನು ಒರಗಿಸಿದ. ಫೋನಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ, ಕಾಶೆವ್ವನ ಕಣ್ಣಿಗೆ ಬೀಳದ ಹಾಗೆ, ಗುಮ್ಮ. ಅದರ ಮೇಲೆ ಒಂದು ಪಂಚೆ ಮುಚ್ಚಿತ್ತು. ತಮ್ಮ ಸಲಹೆಗಳು ಏನಾದವೆಂದು ನೋಡಲು ಬಂದ ಸುಮನ್ ಮತ್ತು ರಾಚಪ್ಪ ಕಾಕಾ ಬಾಗಿಲ ಬದಿಗೆ ನಿಂತರು. ಸನ್ನೆ ಮಾಡಿದಾಗ ಪಂಚೆ ಎಳೆಯುವ ಕೆಲಸ ಸುಮನ್‌ಳದು.

ಆರಕ್ಕೆ ಸರಿಯಾಗಿ ಫೋನು ಬಡಿದುಕೊಂಡಿತು. ಕಾಶೆವ್ವನ ಮುಖ ಮೂಡಿತು. ಅವರ ಹಿಂದೆ ಬಾಯಿ ಕಟ್ಟಿದ ಚೀಲವೂ ಕಾಣಿಸಿತು. ಕ್ಷೇಮಸಮಾಚಾರವೇನೂ ಕೇಳದೆ, ಉಣಿಸಿರಿ ನೋಡೋಣ ಎಂದರು. ಗಜಾನನ ರೊಟ್ಟಿ ಮುರಿದು ಮಗಳ ಬಾಯಿಯ ಹತ್ತಿರ ಒಯ್ದ. ಮಾಯಾ ತುಟಿ ಬಿಗಿದಳು. ಅವನು ಸುಮನ್‌ಳ ಕಡೆ ಕಣ್ಣು ಹಾರಿಸಿದ. ಪಂಚೆ ಸರಿಯಿತು.

ಸುಮನ್ ಗುಮ್ಮನನ್ನು ನೋಡಿದವಳೇ ತಲೆಯ ಮೇಲೆ ಸೆರಗು ಎಳೆದುಕೊಂಡಳು. ರಾಚಪ್ಪ ಕಾಕಾ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಮಾಯಾ ಕಣ್ಣರಳಿಸಿ ನೋಡಿದಳು, ಅವಳ ಬಾಯಿ ಮೆಲ್ಲಗೆ ತೆರೆಯಿತು. ಕಿರುಚದಿದ್ದರೆ ಸಾಕು ಎಂದು ಗಜಾನನ ಕುಲದೇವರನ್ನು ನೆನೆದ.

"ಆಯಿ," ಎಂದಳು ಮಾಯಾ. ಅವಳ ಮುಖವೆಲ್ಲ ನಗುವಾಗಿತ್ತು.

ತೆರೆದ ಬಾಯಿಗೆ ತುತ್ತು ಹೋಯಿತು. ಮಾಯಾ ಅಗಿದಳು. ಗಜಾನನ ಎರಡು ದಿನಗಳಿಂದ ಕೇಳದ ಸದ್ದನ್ನು ಕೇಳಿದ: ಮಗಳು ರೊಟ್ಟಿ ನುಂಗಿದಳು. ತಟ್ಟೆಯಿಂದ ತಾನೇ ಒಂದು ಚೂರು ತೆಗೆದು ಮೇಲೆ ಚಾಚಿ, ಆಯಿ ನೀ ಉಣ್ಣು ಎಂದಳು, ಸ್ವಲ್ಪ ಕಾದು ಅದನ್ನು ತಾನೇ ತಿಂದಳು. ಅವಳ ಕಣ್ಣು ಫೋನಿಗಿಂತ ಒಂದು ಗೇಣು ಮೇಲಿತ್ತು. ಅತ್ತ ಯಮಕನಮರಡಿಯಲ್ಲಿ ಕಾಶೆವ್ವ, ಕೂಸು ಕರೆಯುತ್ತಿರುವುದು ತನ್ನನ್ನೇ ಎಂದುಕೊಂಡು, ಪ್ರತಿ ತುತ್ತಿಗೂ ಫೋನಿನಲ್ಲಿ ಆ ಎಂದು ಬಾಯಿ ತೆರೆಯುತ್ತಿದ್ದರು.

ಗಜಾನನ ಫೋನಿನ ಮುಖ ನೋಡಿದ. ಮೇಲಿನ ಮುಖ ನೋಡಿದ. ಮತ್ತೆ ಫೋನು ನೋಡಿದ. ಅದೇ ಹುಬ್ಬು, ಅದೇ ಕುಂಕುಮ, ಅದೇ ಮಚ್ಚೆ. ಏನೂ ಯೋಚಿಸದೆ ಗುಮ್ಮನನ್ನು ಮಾಡು ಎಂದು ಬಿಟ್ಟರೆ ಅವನ ಕೈ ಹೋಗಿ ಹೋಗಿ ಅತ್ತೆಯನ್ನು ಮಾಡಿತ್ತು.

ಆದರೂ ರೊಟ್ಟಿ ಮುಗಿಯಿತು. ಒಂದಲ್ಲ, ಒಂದೂವರೆ. ಗಜಾನನ ಖಾಲಿ ತಟ್ಟೆಯನ್ನು ಫೋನಿಗೆ ಹಿಡಿದು ತೋರಿಸಿದ. ಶರತ್ತು ಮುಗಿಯಿತು, ಇನ್ನು ಅವರು ಬರಬೇಕಾಗಿಲ್ಲ. ನಾಳೆ ಶೋಭಾ ಬರುತ್ತಾಳೆ, ತಾನು ಎಂಟರವರೆಗೆ ಮಲಗಬಹುದು, ಮಧ್ಯಾಹ್ನ ಮತ್ತೆ ಮಲಗಬಹುದು. ಈ ನೆಮ್ಮದಿ ಸುಮಾರು ಅರ್ಧ ನಿಮಿಷ ಇತ್ತು.

ಕಾಶೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೋಡಿದ್ರಿ ಅಳ್ಯಾರ, ಕೂಸು ನನ್ನ ಮಾರಿ ನೋಡಿ ಉಂಡ್ಲು. ಎರಡು ದಿನಾ ಯಾರ ಕೈಲೂ ಉಣಲಾರದ ಕೂಸು. ಇಷ್ಟು ಜೀವಾ ಇಟ್ಟೈತಿ ಅಂತ ನನಗ ಗೊತ್ತ ಇರಲಿಲ್ಲ. ಇದನ್ನ ಬಿಟ್ಟು ನಾ ಇಲ್ಲಿ ಹ್ಯಾಂಗ ಕುಂದರ್ಲಿ? ಆರೂವರಿ ಬಸ್ಸು ಸಿಗತೈತಿ, ಬರ್ತೇನಿ."

ಕೂಸು ಉಂಡಿದ್ದು ನಿಮ್ಮನ್ನು ನೋಡಿ ಅಲ್ಲ ಎಂದು ಹೇಳಬಹುದಿತ್ತು. ಹೇಳಿದರೆ, ಮತ್ತೆ ಯಾರನ್ನು ನೋಡಿ ಎಂದು ಅವರು ಕೇಳುತ್ತಿದ್ದರು. ಗಜಾನನ ಬಾಯಿ ತೆರೆದ, ಮುಚ್ಚಿದ, ಬರ್ರಿ ಎಂದ.

ಫೋನು ಇಟ್ಟು ತಿರುಗಿದರೆ ಪಡಸಾಲೆ ಖಾಲಿ. ಸುಮನ್‌ಗೆ ಹದಿನೆಂಟು ಜಂಪರುಗಳ ನೆನಪಾಗಿತ್ತು. ರಾಚಪ್ಪ ಕಾಕಾನಿಗೆ ಗುಳಿಗೆಯ ಹೊತ್ತಾಗಿತ್ತು. ಗಜಾನನ ಗುಮ್ಮನನ್ನು ಹಿತ್ತಲಿನಲ್ಲಿ ಬಚ್ಚಿಡಲು ಹೋದ. ಮಾಯಾ ಅದರ ಕೊರಳು ತಬ್ಬಿಕೊಂಡು, ಆಯಿಯನ್ನು ಎಲ್ಲಿಗೆ ಒಯ್ಯುತ್ತೀ ಎಂದು ಓಣಿಗೆಲ್ಲ ಕೇಳುವಂತೆ ಅತ್ತಳು. ಮಚ್ಚೆಯಾದರೂ ಅಳಿಸೋಣವೆಂದು ಒದ್ದೆ ಬಟ್ಟೆಯಿಂದ ಉಜ್ಜಿದ. ಅವನು ಒಳ್ಳೆಯ ಕಸುಬಿನವನು. ಅವನ ಬಣ್ಣ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಗುಮ್ಮ ಸ್ಟೂಲಿನ ಮೇಲೆಯೇ ಉಳಿಯಿತು.

ಎಂಟಕ್ಕೆ ಬಾಗಿಲಲ್ಲಿ ನೆರಳು ಬಿತ್ತು. ಯಾರೂ ಬಾಗಿಲು ಬಡಿಯಲಿಲ್ಲ, ಕರೆಯಲೂ ಇಲ್ಲ. ಗಜಾನನ ತಲೆ ಎತ್ತಿ ನೋಡಿದ. ಕಾಶೆವ್ವ ಹೆಗಲಿಗೆ ಚೀಲ ಹೊತ್ತು, ಟೊಂಕದ ಮೇಲೆ ಕೈಯಿಟ್ಟು, ಸುಮ್ಮನೆ ನಿಂತು ಅವನ ಕುಂಚಗಳನ್ನು ನೋಡುತ್ತಿದ್ದರು. ಅವನು ಎದ್ದು ನಿಂತದ್ದು ಕಂಡು ಮೊದಲು ನಕ್ಕರು. ನಕ್ಕ ಮೇಲೆ ಕೇಳಿದರು, "ಇವತ್ತ ಎಷ್ಟು ಚಾ ಆದೂವ್ರಿ ಅಳ್ಯಾರ?"

ಎರಡು ಎಂದ ಗಜಾನನ. ಹಲಗೆಯ ಮೇಲೆ ನಾಲ್ಕು ಲೋಟಗಳಿದ್ದವು. ಅವರು ಲೋಟಗಳನ್ನು ಒಂದರೊಳಗೊಂದು ಇಟ್ಟರು.

ಆಮೇಲೆ ಗುಮ್ಮನನ್ನು ನೋಡಿದರು.

ಇದು ಯಾರು ಎಂದು ಅವರು ಕೇಳುವುದಕ್ಕೆ ಮೊದಲೇ ಮಾಯಾ ಓಡಿ ಬಂದು, ಇದೂ ಆಯಿ, ನೀನೂ ಆಯಿ ಎಂದು ಪರಿಚಯ ಮಾಡಿಸಿದಳು. ಗೌರಿ ಮಾಡಲು ಹೋಗಿದ್ದೆ ಎಂದು ಗಜಾನನ ತೊದಲಿದ. ಅದು ಅರ್ಧ ಸತ್ಯವೇ ಆಗಿತ್ತು. ಕಾಶೆವ್ವ ಚೀಲ ಇಳಿಸಿದರು. ಸ್ಟೂಲಿನ ಸುತ್ತ ಒಂದು ಸುತ್ತು ಬಂದರು. ಕಿವಿಯ ಹಿಂದಿನ ಬಿರುಕಿನಲ್ಲಿ ಬೆರಳಾಡಿಸಿದರು. ಮಚ್ಚೆಯನ್ನು ಹತ್ತಿರದಿಂದ ನೋಡಿದರು, ತಮ್ಮ ತುಟಿಯ ಮೇಲಿನದನ್ನು ಮುಟ್ಟಿಕೊಂಡರು. ಗಜಾನನ ಅಷ್ಟೊತ್ತಿಗೆ ಏಳು ವರ್ಷದ ಸಂಸಾರವೆಲ್ಲ ಇಂದು ಮುಗಿಯಿತೆಂದು ಗೋಡೆಗೆ ಆತು ನಿಂತಿದ್ದ.

"ಕಣ್ಣು ಎರಡೂ ಸಮ ಅದಾವ್ರಿ," ಎಂದರು ಕಾಶೆವ್ವ.

ಏಳು ವರ್ಷದಲ್ಲಿ ಅವರು ಅವನ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಗಜಾನನ ಎಲ್ಲ ದಣಿವನ್ನೂ ಆ ಗಳಿಗೆಯಲ್ಲಿ ಮರೆತ. ಅಷ್ಟರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಬಾಗಿ ನೋಡಿದರು.

"ಮೂಗು ಮಾತ್ರ ನಂದಲ್ರಿ."

ಆಡು ತಿಂದದ್ದನ್ನು ಹೇಳಲು ಅವನಿಗೆ ಧೈರ್ಯ ಬರಲಿಲ್ಲ.

"ಇರ್ಲಿ, ನೆನಪಿನ ಮ್ಯಾಲ ಮಾಡೀರಿ, ಹಂಗ ಆಗತೈತಿ. ನಾಳಿಂದ ಮುಂಜಾನಿ ಐದಕ್ಕ ನಿಮ್ಮ ಮುಂದ ಬಂದು ಕುಂದರ್ತೇನಿ. ನನ್ನ ನೋಡ್ಕೋತ ಸರಿ ಮಾಡ್ರಿ. ಎಷ್ಟು ದಿನಾ ಹಿಡಿದ್ರೂ ಚಿಂತಿಲ್ಲ, ನನಗೇನ ಊರಾಗ ಕೆಲಸಿಲ್ಲ."

ಅಷ್ಟು ಹೇಳಿ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ರೊಟ್ಟಿ ತಟ್ಟುವ ಸದ್ದು ಕೇಳಿತು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಂದು ಅಳಿಯನ ಮುಂದಿಟ್ಟು, ಉಣ್ರಿ ಎಂದು ಎದುರಿಗೆ ಕುಳಿತರು. ಮಾಯಾ ಅವರ ತೊಡೆಯೇರಿದಳು. ಕಾಶೆವ್ವ ಅವಳ ಬಾಯಿಗೂ ಒಂದು ತುತ್ತಿಟ್ಟರು. ಮಾಯಾ ಅದನ್ನು ಎಡಗಲ್ಲಕ್ಕೆ ಸರಿಸಿ, ಅಲ್ಲಿಯೇ ಇಟ್ಟುಕೊಂಡು, ಅಜ್ಜಿಯ ಬಳೆ ಎಣಿಸತೊಡಗಿದಳು.

ಗಜಾನನನ ಎದುರಿಗೆ ಕಾಶೆವ್ವ. ಅವರ ತಲೆಯ ಮೇಲೆ, ಸ್ಟೂಲಿನಲ್ಲಿ, ಇನ್ನೊಬ್ಬ ಕಾಶೆವ್ವ. ಅವನು ತಲೆ ತಗ್ಗಿಸಿ ಉಂಡ. ಪ್ರತಿ ತುತ್ತನ್ನೂ ಚೆನ್ನಾಗಿ ಅಗಿದು ನುಂಗಿದ. ಎರಡು ರೊಟ್ಟಿ ಮುಗಿದು ಮೂರನೆಯದು ಬಂದಾಗ, ಸಾಕು ಎನ್ನಲು ತಲೆ ಎತ್ತಿದ. ನಾಲ್ಕು ಕಣ್ಣುಗಳು ಅವನನ್ನು ನೋಡುತ್ತಿದ್ದವು, ನಾಲ್ಕೂ ಸಮನಾಗಿದ್ದವು. ಅವನು ತಟ್ಟೆ ಮುಂದೆ ಹಿಡಿದ.